ಅಮ್ಮ ಕುದುರೆ ಮಾರಿದ ದಿನ

೧೬ ಮೇ ೧೯೯೩, ಭಾನುವಾರ. ಆಟ್‌ಬಾಶಿ.

ಅಮ್ಮ ಇವತ್ತು ಕಂದು ಕುದುರೆಯನ್ನು ಮಾರಿದಳು, ಅದೂ ಹೊಸ ಸೋಮ್ ನೋಟಿಗೆ!

ನಮ್ಮ ಕಿರ್ಗಿಜ್ ದೇಶಕ್ಕೆ ರೂಬಲ್ ಬದಲು ಸ್ವಂತ ಹಣ ಸೋಮ್ ಬಂದು ವಾರವಾಯಿತು. ಬ್ಯಾಂಕಿನ ಕಿಟಕಿಯಲ್ಲಿ ಕುಳಿತು ರೂಬಲ್ ತೆಗೆದುಕೊಂಡು ಸೋಮ್ ಕೊಟ್ಟವಳು ನಾನೇ. ಎಲ್ಲರ ಮುಖದಲ್ಲೂ ಅನುಮಾನ. ಇವತ್ತು ಸಂತೆಯಲ್ಲೂ ಯಾರೊಬ್ಬರೂ ಸೋಮ್‌ಗೆ ಒಂದು ಕುರಿಯನ್ನೂ ಬಿಟ್ಟುಕೊಟ್ಟಿರಲಿಲ್ಲ. ನಾರಿನ್ ಪಟ್ಟಣದಿಂದ ಬಂದವನೊಬ್ಬ ಅಮ್ಮನ ಕುದುರೆಗೆ ಹೊಸ ನೋಟಿನ ಕಟ್ಟು ಚಾಚಿದಾಗ ಕಟುಕ ದೋರೊನ್‌ಬೆಕ್ ನಕ್ಕ.

"ತಗೊಳ್ಳಿ ಅಕ್ಕ, ನಿಮ್ಮ ಮಗಳು ಹಂಚ್ತಿರೋ ಬಣ್ಣದ ಕಾಗದ! ಒಲೆ ಹಚ್ಚೋಕಾದ್ರೂ ಆಗುತ್ತೆ."

ಅಮ್ಮನ ಜೀವಮಾನದ ಉಳಿತಾಯ ಹೋದ ವರ್ಷ ರೂಬಲ್ ಜೊತೆಗೇ ಕರಗಿಹೋಗಿತ್ತು. ಉಳಿದಿದ್ದು ಆ ಕುದುರೆ ಒಂದೇ. ಬೇಡಮ್ಮ ಎನ್ನಲು ನಾನು ಬಾಯಿ ತೆರೆದೆ. ಅವಳು ನನ್ನತ್ತ ನೋಡಲೇ ಇಲ್ಲ. ಒಂದು ನೋಟನ್ನು ಬಿಸಿಲಿಗೆ ಹಿಡಿದು, ಅದರ ಮೇಲಿನ ಕಿರ್ಗಿಜ್ ಬರಹವನ್ನು ಎಲ್ಲರಿಗೂ ಕೇಳುವಂತೆ ಓದಿ, ಲಗಾಮನ್ನು ನಾರಿನ್‌ನವನ ಕೈಗಿತ್ತಳು.

"ನಾಳೆ ಮೋಸ ಆದ್ರೆ?" ದೋರೊನ್‌ಬೆಕ್ ಬಿಡಲಿಲ್ಲ.

"ರೂಬಲ್ ಮುಳುಗಿದಾಗ ಬೈಯೋಕೆ ಮಾಸ್ಕೋವರೆಗೂ ಹೋಗೋಕಾಗಲಿಲ್ಲ ಕಣೋ. ಈ ನೋಟು ತಂದವರು ನಮ್ಮ ರಾಜಧಾನಿ ಬಿಷ್ಕೆಕ್‌ನಲ್ಲೇ ಕೂತಿದ್ದಾರೆ. ಬಸ್ಸಿದೆ. ನಮ್ಮ ಮಾತಲ್ಲೇ ಬೈದು ಬರ್ತೀನಿ."

ಸಂತೆಗೆ ಸಂತೆಯೇ ನಕ್ಕಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಎರಡು ಕುರಿ ಸೋಮ್‌ಗೆ ಹೋದವು. ಸಂಜೆ ದೋರೊನ್‌ಬೆಕ್ ಕೂಡ ಗೊಣಗುತ್ತಲೇ ಅದೇ ನೋಟಿಗೆ ನಮಗೆ ಮಾಂಸ ತೂಗಿದ.

ಅಮ್ಮ ಈಗ ಗೊರಕೆ ಹೊಡೆಯುತ್ತಿದ್ದಾಳೆ. ವಾರವಿಡೀ ಜನರಿಗೆ ನಂಬಿ, ನಂಬಿ ಎನ್ನುತ್ತಿದ್ದ ನನಗೇ ಸಂತೆಯಲ್ಲಿ ಧೈರ್ಯ ಸಾಲಲಿಲ್ಲ. ಆದರೂ ನಾನು ಇವಳ ಮಗಳು. ನಾಳೆ ಕಿಟಕಿಯಲ್ಲಿ ತಲೆಯೆತ್ತಿ ಕೂರುತ್ತೇನೆ. ಅವಳಿಗೆ ಆ ಬಸ್ಸು ಹತ್ತುವ ಪ್ರಸಂಗ ಮಾತ್ರ ಬಾರದಿರಲಿ, ಬ್ಯಾಂಕಿನವರಾದ ನಾವು ಅಷ್ಟನ್ನಾದರೂ ನೋಡಿಕೊಂಡರೆ ಸಾಕು.