ಗಡಿಮಣಿ ಇಲ್ಲದ ಕೂಸು

ಚಿತ್ರದುರ್ಗ, ಮೂರನೇ ಶ್ರಾವಣ, ಇಸವಿ ೨೪೧೧

ನಾನೂರು ವರ್ಷ ಹಿಂದಿರುವ ಹಿರಿಯರಿಗೆ ತಿಪ್ಪಮ್ಮ ಮಾಡುವ ನಮಸ್ಕಾರಗಳು. ನನ್ನ ಮಾತು ಒರಟಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ಹುಡುಕಿ ಹುಡುಕಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಳೆ ಬಿಡುವುದೇ ಇಲ್ಲವಾದ್ದರಿಂದ ವರ್ಷಕ್ಕೆ ಮೂರು ಶ್ರಾವಣ. ಅದನ್ನೂ ಮನ್ನಿಸಿ.

ನಾನು ಮಣಿಗಾರ್ತಿ. ಅಂದರೆ ಕೂಸುಗಳ ಕತ್ತಿನ ಹಿಂದೆ, ಚರ್ಮದಡಿ, ಗಡಿಮಣಿ ಕೂರಿಸುವವಳು. ರಾಗಿಕಾಳಿನಷ್ಟು ಚಿಕ್ಕ ಮಣಿ ಅದು, ನೋವಿನ ಸುದ್ದಿಯನ್ನು ಬೆನ್ನುಹುರಿಯ ಬಾಗಿಲಲ್ಲೇ ತಡೆಯುತ್ತದೆ. ಹೆಸರಿಡುವ ದಿನ ಮೊದಲು ಮಣಿ, ಆಮೇಲೆ ಹೆಸರು. ಇದು ನಮ್ಮ ಶಾಸ್ತ್ರ. ಮೈಗೆ ಪೆಟ್ಟಾದರೆ ಮುಂಗೈಯಲ್ಲಿ ಹುದುಗಿಸಿದ ದೀಪ ಕೆಂಪಾಗುತ್ತದೆ, ನೋಡಿಕೊಂಡು ವೈದ್ಯರ ಬಳಿ ಹೋಗುತ್ತೇವೆ. ಹಸಿವಿಗೆ, ಹಟಕ್ಕೆ, ಸಾವಿಗೆ ಅತ್ತವರಿದ್ದಾರೆ, ನೋವಿಗೆ ಅತ್ತವರಿಲ್ಲ.

ನಮ್ಮ ಯಜಮಾನರು ದ್ಯಾಮಣ್ಣ ಮಾತಿಗೆ ನಿಂತರೆ ಲೋಕ ಮರೆಯುವವರು. ಒಂದು ಮದುವೆಯಲ್ಲಿ ತುಂಬುತೋಳಿನ ರೇಷ್ಮೆ ಅಂಗಿ ತೊಟ್ಟು, ಹರಟುತ್ತಾ, ಪಾಯಸದ ಕೊಪ್ಪರಿಗೆಯ ಅಂಚಿಗೆ ಕೈಯೂರಿ ನಿಂತುಬಿಟ್ಟರು. ದೀಪ ಅಂಗಿಯೊಳಗೇ ಉರಿಯುತ್ತಿತ್ತು. ಸುಟ್ಟ ವಾಸನೆ ಬಂದಾಗ ಅಡುಗೆಯವರನ್ನು ಬೈದರು. ಆ ಕೈ ಉಳಿಯಲಿಲ್ಲ.

ಅಂದಿನಿಂದ ನಾನು ಕಲಿತದ್ದನ್ನೇ ಹೊಸದಾಗಿ ಯೋಚಿಸತೊಡಗಿದೆ. ಬೆರಳಿನಿಂದ ಹೊರಟ ನರ ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತದೆ. ಹುರಿ ಅದನ್ನು ಮಿದುಳಿಗೆ ಕಳಿಸುತ್ತದೆ ನಿಜ, ಆದರೆ ಮಿದುಳಿನ ಅಪ್ಪಣೆಗೆ ಕಾಯುತ್ತಾ ಕೂರುವುದಿಲ್ಲ. ಇನ್ನೊಂದು ನರದ ಮೂಲಕ ತೋಳಿನ ಸ್ನಾಯುವಿಗೆ ತಾನೇ ಹೇಳಿಬಿಡುತ್ತದೆ, ಎಳೆದುಕೋ ಎಂದು. ನೋವೆಂದು ಮಿದುಳಿಗೆ ತಿಳಿಯುವಷ್ಟರಲ್ಲಿ ಕೈ ಈಚೆ ಬಂದಿರುತ್ತದೆ. ಸುದ್ದಿಯನ್ನು ಬಾಗಿಲಲ್ಲೇ ತಡೆದ ನಾವು ನೋವಿನ ಜೊತೆಗೆ ಆ ಎಳೆತವನ್ನೂ ಕಳೆದುಕೊಂಡೆವು.

ಮಗಳು ಪಾಲಮ್ಮ ನನ್ನಿ ಎಂಬ ತನ್ನ ಕೂಸಿಗೆ ಮಣಿ ಬೇಡವೆಂದಳು. ಬೀಗರು ಅವಳನ್ನು ಕಟುಕಿ ಎಂದರು. ಕೊನೆಗೆ ಒಂದು ಮಾತಿಗೆ ಒಪ್ಪಿದರು: ಕೂಸು ನೋವಿಗೆ ಅತ್ತಾಗ ಸಮಾಧಾನ ಮಾಡಲು ನಮಗೆ ಬಾರದಿದ್ದರೆ ಮಣಿ ಕೂರಿಸಲೇಬೇಕು. ನಿನ್ನೆ ಅವರ ಕಣ್ಣೆದುರೇ ನನ್ನಿ ಅಂಬೆಗಾಲಿಕ್ಕುತ್ತಾ ಹೋಗಿ ಬಿಸಿ ಹಾಲಿನ ಪಾತ್ರೆ ಮುಟ್ಟಿತು. ಮೊದಲು ಕೈ ಚಕ್ಕನೆ ಹಿಂದೆ ಬಂತು, ಆಮೇಲೆ ಅಳು. ಬೆರಳ ತುದಿ ಕೆಂಪಾಗಿತ್ತು, ಅಷ್ಟೇ. ನನಗೋ ಕುಣಿಯುವಷ್ಟು ಸಂತೋಷ. ಆದರೆ ಅಂಥ ಅಳುವನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಬೀದಿಯವರೆಲ್ಲ ಬಾಗಿಲಿಗೆ ಬಂದರು. ಪಾಲಮ್ಮ ಹಾಲು ಕೊಟ್ಟಳು, ಗಿಲಕಿ ಆಡಿಸಿದಳು. ಕೂಸು ಸುಮ್ಮನಾಗಲಿಲ್ಲ.

“ಇದಕ್ಕೆ ಒಳಗೆ ಏನಾಗ್ತೈತೋ ನಂಗೆ ತಿಳೀವಲ್ದು ಕಣವ್ವ,” ಎಂದು ತಾನೂ ಅತ್ತಳು.

ಬಹಳ ಹೊತ್ತಿನ ಮೇಲೆ ಅಳು ತಾನಾಗಿ ನಿಂತಿತು. ಇನ್ನೊಂದು ಸಲ ನೋಡುತ್ತೇವೆ, ಅಷ್ಟೇ, ಎಂದು ಬೀಗರು ಎದ್ದು ಹೋದರು.

ನೋವು ಏನೆಂದೇ ತಿಳಿಯದವರ ಮನೆಯಲ್ಲಿ ನನ್ನಿ ಒಂಟಿ. ಅದಕ್ಕೇ ನಾಳೆ ನನ್ನ ಮಣಿ ತೆಗೆಸಿಕೊಳ್ಳುತ್ತಿದ್ದೇನೆ. ಈ ವಯಸ್ಸಿಗೆ ಮಂಡಿ, ಸೊಂಟ, ಹಲ್ಲು ಎಲ್ಲ ಒಟ್ಟಿಗೇ ಬಾಯಿಬಿಡುತ್ತವೆ ಎಂದು ನನ್ನ ಶಿಷ್ಯೆ ಹೆದರಿಸಿದ್ದಾಳೆ. ನನಗೂ ಭಯವೇ. ಹಳೆಯ ಚಿತ್ರಗಳಲ್ಲಿ ನಿಮ್ಮ ತಾಯಂದಿರು ಸುಟ್ಟ ಬೆರಳಿಗೆ ಉಫ್ ಎಂದು ಊದುವುದನ್ನು ಕಂಡಿದ್ದೇನೆ. ಊದಿದರೆ ನೋವು ನಿಜಕ್ಕೂ ಇಳಿಯುತ್ತದೆಯೇ, ಇಲ್ಲ ಊದುವವರು ಹತ್ತಿರವಿದ್ದಾರೆಂಬುದೇ ಸಾಕಾಗುತ್ತದೆಯೇ? ನಿಮ್ಮ ಉತ್ತರ ನನ್ನನ್ನು ಮುಟ್ಟುವ ದಾರಿಯಿಲ್ಲ, ನೊಂದೇ ತಿಳಿಯುತ್ತೇನೆ. ಹಿರಿಯರು, ನೋವು ಬಲ್ಲವರು, ಹರಸಿ.

ಇಂತಿ,
ಇವತ್ತಿನವರೆಗೆ ಎಲ್ಲಿಯೂ ನೋಯದ
ತಿಪ್ಪಮ್ಮ