ಮೂರು ಮಿಸ್ಡ್ ಕಾಲ್

ನವೆಂಬರ್ ೧೮, ಮಂಗಳವಾರ. ಚೇಕಾಡಿ.

ಈ ಫೋನನ್ನು ಕಬಿನಿಗೆ ಎಸೆದು ಬರಬೇಕು ಅನ್ನಿಸುತ್ತಿದೆ. ಎಸೆದರೂ ಜವರಯ್ಯನವರ ಪೈರು ಎದ್ದು ನಿಲ್ಲುವುದಿಲ್ಲ.

ನಿನ್ನೆ ಅದು ಅಪ್‌ಡೇಟ್ ಕೇಳಿತು, ನಾನು ಓದದೆ ಒಪ್ಪಿಗೆ ಒತ್ತಿದೆ. ಸೇವ್ ಮಾಡದ ನಂಬರುಗಳು ಇನ್ನು ಸದ್ದು ಮಾಡುವುದಿಲ್ಲ ಎಂದು ಅದರಲ್ಲೇ ಎಲ್ಲೋ ಬರೆದಿತ್ತಂತೆ. ಜವರಯ್ಯನವರ ನಂಬರು ನಾನೆಂದೂ ಸೇವ್ ಮಾಡಿರಲಿಲ್ಲ. ಕೊನೆಯ ಎರಡು ಅಂಕಿ ಕಂಡರೆ ಸಾಕಿತ್ತು. ಮರದ ಮೇಲಿನ ಏರುಮಾಡದಲ್ಲಿ ಕೂತು ಗದ್ದೆ ಕಾಯುವ ಅವರು ಆನೆ ಕಂಡರೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನು ದೊಡ್ಡ ಲೈಟು ಹಾಕಿ ಪಟಾಕಿ ಹಚ್ಚುತ್ತಿದ್ದೆ. ಆರು ವರ್ಷದಿಂದ ಹೀಗೇ.

ಇಂದು ಮುಸ್ಸಂಜೆ ಮೂರು ಸಲ ಕೊಟ್ಟಿದ್ದಾರೆ. ಮರಗೆಣಸು ಬೇಯಿಸುತ್ತಿದ್ದ ನನ್ನ ಪಕ್ಕದಲ್ಲೇ ಇದ್ದ ಫೋನು ತುಟಿಪಿಟಕ್ ಅನ್ನಲಿಲ್ಲ. ಕೊಯ್ಲಿಗೆ ಬಂದಿದ್ದ ಗಂಧಕಶಾಲೆ ಭತ್ತವನ್ನು ಆನೆ ತುಳಿದು ಅರ್ಧ ಗದ್ದೆ ಕೆಸರಾಯಿತು.

ಜವರಯ್ಯನವರು ನಂಬಲಿ ಎಂದು ಗದ್ದೆಗೆ ಹೋಗಿ ಫೋನು ತೋರಿಸಿದೆ. ಕನ್ನಡಕ ಇರಲಿಲ್ಲ, "ಏನ್ ಬರ್ದದೆ, ಓದು" ಎಂದರು. ಓದಿದೆ. ಅಪರಿಚಿತ, ಅಪರಿಚಿತ, ಅಪರಿಚಿತ.

ಅವರು ಏರುಮಾಡದ ಕಡೆ ತಿರುಗಿದರು.

"ಸಾರಮಿಲ್ಲ, ಪರ್ವಾಗಿಲ್ಲ ಬಿಡವ್ವ. ನಾಳೆಯಿಂದ ಫೋನ್ ಬ್ಯಾಡ. ಆನೆ ಕಂಡ್ರೆ ನಾನೇ ಇಳ್ದು ಬಂದು ನಿನ್ನ ಬಾಗ್ಲು ಬಡೀತೀನಿ."

ಅವರ ಹೆಸರು ಈಗ ಸೇವ್ ಮಾಡಿದ್ದೇನೆ. ಅದನ್ನು ಹೇಳಲು ನಾಲ್ಕು ಸಲ ಫೋನ್ ಮಾಡಿದೆ, ಅವರು ಎತ್ತುತ್ತಿಲ್ಲ. ಏರುಮಾಡದಿಂದ ನನ್ನ ಬಾಗಿಲಿಗೆ ಇರುವುದು ಒಂದೇ ದಾರಿ, ಕಾಡಿನಿಂದ ಆನೆ ಇಳಿಯುವುದೂ ಅದರಲ್ಲೇ.