ನಾಲ್ಕನೆಯ ನಂಬರ್

ಬಾಯ್ಲರ್ ಮನೆಯ ಮೇಜಿನಿಂದ,
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಒಲೆಯಲ್ಲಿ ಸುಟ್ಟುಕೊಂಡ ಕೈ ಮಾಯಿತೆ? ನೀನು ಅಡುಗೆ ಕಲಿಯುತ್ತೇನೆ ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ಈಗ ಅಷ್ಟು ಜನರ ಹೊಟ್ಟೆ ನಿನ್ನ ಕೈಯಲ್ಲಿದೆ, ಆ ಕೈಯನ್ನು ಸ್ವಲ್ಪ ಜೋಪಾನವಾಗಿಟ್ಟುಕೋ ಮಹಾರಾಯ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಅಂದರೆ ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಪಾಳಿ ತಪ್ಪಿಸಿಲ್ಲ. ಅಪ್ಪ ಹೋದ ದಿನ ಬಂದವರೆಲ್ಲ ನನ್ನ ಬೆನ್ನು ಸವರಿದರು. ನಾನು ಅವರಿಗೆ ಕುಡಿಯಲು ನೀರು ಬೇಕೇ ಎಂದು ಕೇಳುತ್ತ ಓಡಾಡಿದೆ. ಅಳು ಇವತ್ತಿಗೂ ಬಂದಿಲ್ಲ. ಬರಲೆಂದು ಕಾಯುವುದನ್ನೂ ಬಿಟ್ಟಿದ್ದೇನೆ. ನಡುಸಮುದ್ರದಲ್ಲಿದ್ದೆ, ಬರಲಾಗಲಿಲ್ಲ ಎಂದು ನೀನು ಕೊರಗಬೇಡ. ಇಲ್ಲೇ ಇದ್ದ ನಾನೂ ಪೂರ್ತಿ ಬಂದ ಹಾಗಿಲ್ಲ.

ಅಪ್ಪನ ಫೋನ್ ನಂಬರ್ ನಿನ್ನ ಹೆಸರಿನಲ್ಲಿದೆಯಲ್ಲ, ಅದನ್ನು ಮುಚ್ಚಿಸಿಬಿಡಲೇ ಎಂದು ಕೇಳಿದ್ದೀಯ. ಒಂದು ಮಾತಿನಲ್ಲಿ ಉತ್ತರ ಬರೆಯಬಹುದೆಂದು ಕೂತೆ, ಆಗಲಿಲ್ಲ. ನೀನು ಹೋದ ಮೇಲೆ ಕಾರ್ಖಾನೆಯವರು ಇಲ್ಲಿ ಗೋಡೆಗೆ ಒಂದು ಪೆಟ್ಟಿಗೆ ಹಾಕಿಸಿದ್ದಾರೆ. ಬಾಯ್ಲರಿನಲ್ಲಿ ನೀರು ಇಳಿದರೆ ಇಲ್ಲಿ ಗಂಟೆ ಹೊಡೆಯುವುದರ ಜೊತೆಗೆ ಅದು ನಮಗೆಲ್ಲ ಫೋನ್ ಮಾಡುತ್ತದೆ. ಒಬ್ಬ ಹೆಂಗಸಿನ ದನಿ, ರೆಕಾರ್ಡು ಮಾಡಿದ್ದು: ಬಾಯ್ಲರಿನಲ್ಲಿ ನೀರು ಕಡಿಮೆಯಾಗಿದೆ, ನೀವು ಬರುತ್ತಿದ್ದರೆ ಒಂದು ಒತ್ತಿ, ಉರಿ ನಿಲ್ಲಿಸಲು ಒಂಬತ್ತು ಒತ್ತಿ. ಯಾರೂ ಎತ್ತದಿದ್ದರೆ ಮುಂದಿನ ನಂಬರಿಗೆ ಹೋಗುತ್ತದೆ. ಯಾರಾದರೂ ಒಂದು ಒತ್ತಿದರೋ, ಸದ್ಯ ಒಬ್ಬರು ಬರುತ್ತಿದ್ದಾರೆ ಎಂದು ನಂಬಿ ಸುಮ್ಮನಾಗುತ್ತದೆ. ಮೊದಲ ನಂಬರ್ ಅಪ್ಪನದು, ಬಾಯ್ಲರ್ ಅವರ ಕೈಯಲ್ಲೇ ಇತ್ತಲ್ಲ. ಮನೆ ಕಾರ್ಖಾನೆಯ ಗೋಡೆಗೆ ಅಂಟಿಕೊಂಡೇ ಇದೆಯಲ್ಲ, ರಜೆಯ ದಿನವೂ ಅವರೇ ಓಡಿ ಬರುತ್ತಿದ್ದರು. ಅವಳ ದನಿ ಕೇಳಿದೊಡನೆ "ಬಂದೆ, ಬಂದೆ" ಎಂದು ತಟ್ಟೆಯ ಮುಂದಿನಿಂದ ಎದ್ದುಬಿಡುತ್ತಿದ್ದರು. ಅಮ್ಮ ಅವಳಿಗೆ ಸವತಿ ಎಂದು ಹೆಸರಿಟ್ಟಿದ್ದಳು. "ನಾನು ಹತ್ತು ಸಲ ಕೂಗಿದ್ರೂ ಕಿವಿಗೆ ಬೀಳಲ್ಲ, ಅವಳು ಒಂದ್ಸಲ ಕರೆದ್ರೆ ಚಪ್ಪಲಿ ಹುಡುಕ್ತಾರೆ." ಅಪ್ಪ ಮೀಸೆಯಡಿ ನಗುತ್ತಿದ್ದರು. ಗಂಡನಿಗೆ ಇನ್ನೊಬ್ಬಳಿದ್ದಾಳೆ ಎಂದು ಅಷ್ಟು ಜಂಬದಿಂದ ಬೀದಿಗೆಲ್ಲ ಹೇಳಿಕೊಂಡು ಬಂದ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ವಾರ ನಡೆದದ್ದು ಹೀಗೆ. ಮಧ್ಯಾಹ್ನ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಗಳಿಗೆ ಹೋಗುವ ಹಬೆ ಕೊಳವೆ ಸೋರುತ್ತಿದೆ ಎಂದು ನನ್ನನ್ನು ಕರೆದರು. ಜೊತೆಗಾರ ಗುಂಡಣ್ಣ (ಈಗ ಕಡ್ಡಿಯಾಗಿದ್ದಾನೆ, ಹೆಸರು ಮಾತ್ರ ಹಾಗೇ ಉಳಿದಿದೆ) ಊಟಕ್ಕೆ ಹೋಗಿದ್ದ. ಪೆಟ್ಟಿಗೆ ಬಂದ ಮೇಲೆ ಬಾಯ್ಲರನ್ನು ಸ್ವಲ್ಪ ಹೊತ್ತು ಹೀಗೆ ಬಿಟ್ಟು ಹೋಗಲು ಅನುಮತಿ ಇದೆ. ಅಷ್ಟರಲ್ಲಿ ನೀರು ಕೊಡುವ ಪಂಪು ಕೆಟ್ಟಿತು, ನೀರು ಇಳಿಯಿತು, ಪೆಟ್ಟಿಗೆ ಫೋನ್ ಮಾಡಿತು. ನನ್ನ ಫೋನ್ ಹೊಡೆದುಕೊಳ್ಳಲೇ ಇಲ್ಲ. ನಾನು ವಾಪಸ್ ಬರುವಷ್ಟರಲ್ಲಿ ಬಾಯ್ಲರಿನ ಉರಿ ಆರಿತ್ತು. ನೀರು ಇನ್ನೂ ಕೆಳಗಿಳಿದಾಗ ತಾನಾಗಿ ಉರಿ ಆರಿಸುವ ಕೊನೆಯ ಕಾವಲೊಂದಿದೆ, ಅದು ಕೆಲಸ ಮಾಡಿತ್ತು. ಕೆಸರು ಕಟ್ಟಿ ಅದೂ ಕಚ್ಚಿಕೊಂಡಿದ್ದರೆ ಬಾಯ್ಲರ್ ಸಿಡಿಯುತ್ತಿತ್ತು. ಗೋಡೆಯಾಚೆ ಬಟ್ಟೆ ಹಿಂಡುವ ಹೆಂಗಸರೆಲ್ಲ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನನಗೆ ಹೆದರಿಕೆ ಆಗಬೇಕಿತ್ತು. ಪಂಪಿನ ಮುಚ್ಚಳ ಬಿಚ್ಚಿ ರಿಪೇರಿಗೆ ಕೂತೆ, ಅಷ್ಟೇ.

ಮ್ಯಾನೇಜರ್ ಪೆಟ್ಟಿಗೆಯ ಪರದೆ ನೋಡಿ ಬೆಳ್ಳಗಾದರು. "ಮೊದಲನೇ ನಂಬರಿಂದ ಒಂದು ಒತ್ತಿದ್ದಾರೆ ಕಣಮ್ಮ. ಅದು ನಿಮ್ಮಪ್ಪಂದಲ್ವಾ?" ಅಪ್ಪ ಹೋದ ಮೇಲೆ ಆ ನಂಬರ್ ತೆಗೆಯಬೇಕೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ, ಗುಂಡಣ್ಣನಂತೂ ಆಚೀಚೆ ನೋಡಿ ಗೋಡೆ ಬದಿಗೆ ಸರಿದ. ನಾನು ಮನೆಗೆ ಹೋದೆ. ಫೋನ್ ಅಡುಗೆಮನೆಯ ಕಿಟಕಿಯಲ್ಲಿತ್ತು, ಚಾರ್ಜು ತುಂಬಿತ್ತು, ಮೇಲೆ ಧೂಳೂ ಇರಲಿಲ್ಲ. ಅಮ್ಮ ಏನೂ ಮುಚ್ಚಿಡಲಿಲ್ಲ. "ನಾನೇ ಒತ್ತಿದ್ದು. ಅವ್ರು ಒಂದೇ ಒತ್ತುತಾ ಇದ್ದಿದ್ದು. ಪಾಪ, ಅವಳಿಗಿನ್ನೂ ಗೊತ್ತಿಲ್ಲ ಕಣೇ. ಅವ್ರನ್ನೇ ಕೇಳ್ಕೊಂಡು ಫೋನ್ ಮಾಡ್ತಾಳೆ. ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ." ಅದು ಯಂತ್ರ ಎಂದು ಅಮ್ಮನಿಗೆ ತಿಳಿಯದ್ದಲ್ಲ. ನನಗಿಂತ ಚೆನ್ನಾಗಿ ತಿಳಿದಿದೆ. ಆದರೂ ಗೋಡೆಯಾಚೆಯ ಹೆಂಗಸರ ವಿಷಯ ಹೇಳಿದಾಗ ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಫೋನನ್ನು ಕಿಟಕಿಯ ಮೂಲೆಗೆ ತಳ್ಳಿದಳು. ಆಮೇಲೆ ಎರಡು ದಿನ ಅಮ್ಮ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

ನಂಬರ್ ತೆಗೆಯುವುದು ಉಗುರು ಕತ್ತರಿಸಿದಷ್ಟು ಸುಲಭದ ಕೆಲಸ. ಪೆಟ್ಟಿಗೆಯ ಮುಂದೆ ನಿಂತೆ, ಅಳಿಸಿದೆ, ಮೊದಲ ಜಾಗಕ್ಕೆ ನನ್ನದು ಹಾಕಿದೆ, ಎರಡನೆಯದು ಗುಂಡಣ್ಣ, ಮೂರನೆಯದು ಮ್ಯಾನೇಜರ್. ನಾಲ್ಕನೆಯ ಜಾಗ ಖಾಲಿ ಉಳಿಯಿತು. ಯಾರದನ್ನು ಹಾಕಲಿ ಎಂದು ಕೇಳಿದರೆ ಮ್ಯಾನೇಜರ್, "ನಾವು ಮೂರು ಜನಾನೂ ಎತ್ತಲಿಲ್ಲ ಅಂದ್ರೆ ದೇವರಿಗೇ ಫೋನ್ ಮಾಡ್ಬೇಕು, ನಿಮ್ಮಮ್ಮಂಗೆ ಮಾಡಿದ್ರೂ ಆಗತ್ತೆ ಬಿಡು" ಎಂದರು. ಅವರು ತಮಾಷೆಗೆ ಅಂದದ್ದು. ನಾನು ಅಪ್ಪನ ನಂಬರನ್ನೇ ಮತ್ತೆ ಅಲ್ಲಿ ಹಾಕಿದೆ. ಅವರು ನೋಡಿದರು, ಬೇಡ ಎನ್ನಲಿಲ್ಲ. ಒಂದು ದಿನ ಪೆಟ್ಟಿಗೆಯಿಂದ ಬೇಕೆಂದೇ ಫೋನ್ ಮಾಡಿಸಿ, ನಾವ್ಯಾರೂ ಎತ್ತದೆ ಪರೀಕ್ಷೆ ಮಾಡೋಣ, ಪಾಸಾದರೆ ಇರಲಿ, ಇಲ್ಲವಾದರೆ ಅವತ್ತೇ ತೆಗೆದುಬಿಡು ಎಂದರು. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಹೇಳಿದೆ: ಇನ್ನು ಮುಂದೆ ಅವಳು ಫೋನ್ ಮಾಡಿದರೆ ನಾವು ಯಾರೂ ಕೈಗೆ ಸಿಗಲಿಲ್ಲ ಎಂದು ಅರ್ಥ, ಒಂದು ಒತ್ತಬೇಡ, ಒಂಬತ್ತು ಒತ್ತು, ಅಲ್ಲಿಂದಲೇ ಉರಿ ಆರುತ್ತದೆ. ಅಮ್ಮ ಫೋನ್ ಎತ್ತಿ ಸೆರಗಿನಿಂದ ಒರೆಸಿ ಮತ್ತೆ ಕಿಟಕಿಯಲ್ಲಿಟ್ಟಳು. ಇವತ್ತು ಮಧ್ಯಾಹ್ನ ಪರೀಕ್ಷೆ. ಅಮ್ಮನಿಗೆ ಹೇಳಿಲ್ಲ. ಅವಳು ಮತ್ತೆ ಒಂದು ಒತ್ತಿದರೆ ಆ ನಂಬರಿನಿಂದ ಇನ್ನು ಯಾರಿಗೂ ಉಪಯೋಗವಿಲ್ಲ, ನೀನು ಮುಚ್ಚಿಸಿಬಿಡು. ಅಮ್ಮನಿಗೆ ನಾನೇ ಹೇಗಾದರೂ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಊರಿಗೆಲ್ಲ ಬಡಿಸಿ ತಾನು ತಳ ಕೆರೆಯುವ ಚಾಳಿ ಅಮ್ಮನಿಂದ ನಿನಗೆ ಬಂದಿದೆ, ಬಿಡು ಅದನ್ನು. ಅಮ್ಮನ ಆಶೀರ್ವಾದ ಈ ಕಾಗದದ ಜೊತೆ ಬರುತ್ತಿದೆ. ಗುಂಡಣ್ಣನೂ ನಿನ್ನನ್ನು ಕೇಳಿದ.

ನಿನ್ನ
ಅಕ್ಕ

ತಾ. ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಪರೀಕ್ಷೆ ಆಯಿತು. ನನ್ನ ಫೋನ್ ಹೊಡೆದುಕೊಂಡಿತು, ಎತ್ತಲಿಲ್ಲ. ಗುಂಡಣ್ಣನದು, ಮ್ಯಾನೇಜರದು, ಅವರೂ ಎತ್ತಲಿಲ್ಲ. ನಾನು ಬಾಯ್ಲರಿನ ಉರಿ ಕಾಣುವ ಗಾಜಿನ ಕಿಂಡಿಗೆ ಕಣ್ಣಿಟ್ಟು ನಿಂತಿದ್ದೆ. ತುಂಬ ಹೊತ್ತು ಏನೂ ಆಗಲಿಲ್ಲ. ಮ್ಯಾನೇಜರ್ ತಲೆಯಾಡಿಸಿ ಹೊರಡುವುದರಲ್ಲಿದ್ದರು, ಉರಿ ಫಕ್ಕನೆ ಆರಿತು. ಆಮೇಲೆ ನನ್ನ ಫೋನ್ ಮತ್ತೆ ಹೊಡೆದುಕೊಂಡಿತು, ಪರದೆಯ ಮೇಲೆ ಅಪ್ಪ ಎಂದಿತ್ತು. ಅಮ್ಮ ಕೇಳಿದಳು, "ಆರಿತಾ? ಸ್ವಲ್ಪ ತಡ ಆಯ್ತು ಕಣೇ. ಅವಳಿಗೆ ಮೊದ್ಲು ಹೇಳ್ದೆ, ಅವ್ರು ಹೋಗ್ಬಿಟ್ರಮ್ಮಾ, ಇನ್ಮೇಲೆ ನಾನೇ ಅಂತ. ಹೇಳಿ ಆಮೇಲೆ ಒಂಬತ್ತು ಒತ್ತಿದೆ." ನಾನು ಇಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದೇನೆ. ಆ ನಂಬರ್ ಮುಚ್ಚಿಸಬೇಡ.